ಒಂದು ಕಲ್ಲಿನ ಎತ್ತರ

ಮಣಿಪಾಲದ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ನಕ್ಷೆ ತಯಾರಿಸುವ ಕೆಲಸಕ್ಕೆ ಸೇರಿ ನನಗೆ ಆರು ವರ್ಷಗಳಾದವು. ಇಲ್ಲಿ ಹೇಳುತ್ತಿರುವುದು ನಾಲ್ಕನೆಯ ವರ್ಷದ ಸಂಗತಿ. ಆಗ ನಾನು ಸೀನಿಯರ್ ಡ್ರಾಫ್ಟ್ಸ್‌ಪರ್ಸನ್. ಹುದ್ದೆಯ ಹೆಸರು ಕೇಳಲು ದೊಡ್ಡದು. ಕಂಪ್ಯೂಟರಿನ ಮುಂದೆ ಕುಳಿತು ಗೆರೆ ಎಳೆಯುವವರು ನಾವಿಬ್ಬರೇ ಇದ್ದೆವು, ಇಬ್ಬರಲ್ಲಿ ನಾನು ಹಳಬಳು, ಅಷ್ಟೇ.

ಕೆಲಸ ಇಷ್ಟು. ನಮ್ಮ ಆರ್ಕಿಟೆಕ್ಟ್ ರಾವ್ ಸರ್ ಪೆನ್ಸಿಲಿನಲ್ಲಿ ಒಂದು ಕಟ್ಟಡದ ರೂಪ ಬರೆದುಕೊಡುತ್ತಾರೆ. ಅದನ್ನು ಕ್ಯಾಡ್ ತಂತ್ರಾಂಶದಲ್ಲಿ, ಗೋಡೆ, ಬಾಗಿಲು, ಮೆಟ್ಟಿಲು, ನೆಲದ ಮಟ್ಟ ಎಲ್ಲಕ್ಕೂ ಮಿಲಿಮೀಟರಿನ ಲೆಕ್ಕದಲ್ಲಿ ಅಳತೆ ಕೊಟ್ಟು, ಕಟ್ಟುವವರು ಓದಬಲ್ಲ ಹಾಳೆಗಳಾಗಿ ಮಾಡುವುದು ನಾವು. ಒಂದು ಸಾಧಾರಣ ಮನೆಗೆ ಹತ್ತರಿಂದ ಹದಿನೈದು ಹಾಳೆ ಬೇಕಾಗುತ್ತದೆ. ಬೇಗ ಮಾಡುವವರಿಗೆ ಮರ್ಯಾದೆ ಹೆಚ್ಚು. ನಾನು ಬೇಗ ಮಾಡುತ್ತಿದ್ದೆ.

ಆ ವೇಗ ನನ್ನದಲ್ಲ, ದೀಪಕ್ ಕಲಿಸಿದ್ದು. ನಾನು ಸೇರಿದಾಗ ಅವರು ಕಚೇರಿಯ ಹಿರಿಯ ಡ್ರಾಫ್ಟ್ಸ್‌ಮನ್. ಮೊದಲ ದಿನ ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, ಎಡಗೈಗೆ ಸಂಬಳ ಕೊಡುವುದಿಲ್ಲವೇ ಎಂದು ಕೇಳಿದ್ದರು. ಮೌಸಿನಿಂದ ಒಂದೊಂದೇ ಚಿತ್ರವನ್ನು ಹುಡುಕಿ ಒತ್ತುವ ಬದಲು ಎಡಗೈಯಿಂದ ಒಂದೆರಡು ಅಕ್ಷರ ಒತ್ತಿ ಆಜ್ಞೆ ಕೊಡಬೇಕು, ಬಲಗೈ ಗೆರೆಯನ್ನು ಬಿಟ್ಟು ಅಲ್ಲಾಡಬಾರದು ಎಂಬುದು ಅವರ ಮೊದಲ ಪಾಠ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಅವರಿಗೆ ತುಳು ಚೆನ್ನಾಗಿಯೇ ಬರುತ್ತಿತ್ತು. ಆದರೂ ನಾವಿಬ್ಬರೂ ಮೊದಲ ದಿನ ಕನ್ನಡದಲ್ಲಿ, ಬಹುವಚನದಲ್ಲಿ ಆರಂಭಿಸಿದವರು ಮೂರು ವರ್ಷವೂ ಹಾಗೆಯೇ ಮುಂದುವರಿದೆವು.

ಅವರು ಕಚೇರಿಗಾಗಿ ಒಂದು ಟೆಂಪ್ಲೇಟ್ ಮಾಡಿಟ್ಟಿದ್ದರು. ಟೆಂಪ್ಲೇಟ್ ಎಂದರೆ ಪ್ರತಿ ಹೊಸ ನಕ್ಷೆಗೂ ಆಧಾರವಾಗುವ ಸಿದ್ಧ ಕಡತ. ಗೋಡೆಗೆ ಯಾವ ದಪ್ಪದ ಗೆರೆ, ಅಕ್ಷರ ಎಷ್ಟು ದೊಡ್ಡದು, ಬಾಗಿಲು ಕಿಟಕಿಗಳ ಚಿತ್ರ ಯಾವುದು, ಎಲ್ಲವೂ ಅದರಲ್ಲಿ ಮೊದಲೇ ಇರುತ್ತದೆ. ಹೀಗೆ ಒಮ್ಮೆ ಬರೆದಿಟ್ಟು ಬೇಕಾದಲ್ಲಿ ಇರಿಸಿಕೊಳ್ಳುವ ಚಿತ್ರಕ್ಕೆ ಬ್ಲಾಕ್ ಎನ್ನುತ್ತೇವೆ. ದೀಪಕ್ ಮಾಡಿದ ಬ್ಲಾಕುಗಳಲ್ಲಿ ರ‍್ಯಾಂಪಿನದ್ದು ನನಗೆ ಬಹಳ ಇಷ್ಟ. ಗಾಲಿಕುರ್ಚಿ ಹೋಗಬೇಕಾದ ಇಳಿಜಾರಿಗೆ ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕೆಂಬುದು ನಿಯಮ. ಅವರ ಬ್ಲಾಕಿಗೆ ಎತ್ತರ ಹೇಳಿದರೆ ಸಾಕು, ಉದ್ದ ತಾನಾಗಿ ಚಾಚಿಕೊಳ್ಳುತ್ತಿತ್ತು.

ನನ್ನ ನಾಲ್ಕನೆಯ ವರ್ಷ ಆರಂಭವಾಗುವಾಗ ಅವರಿಗೆ ದೋಹಾದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಟೆಂಪ್ಲೇಟ್ ಎಲ್ಲಿದೆಯೆಂದು ಇನ್ನೊಮ್ಮೆ ತೋರಿಸಿ, ಕಚೇರಿಯ ಬೀಗದಕೈಯನ್ನು ರಾವ್ ಸರ್ ಮೇಜಿನ ಮೇಲಿಟ್ಟು ಹೋದರು. ಆಮೇಲೆ ನಾವು ಹಬ್ಬಗಳಿಗೆ ಶುಭಾಶಯ ಕಳುಹಿಸಿಕೊಂಡದ್ದುಂಟು. ಬೇರೆ ಏನೂ ಇಲ್ಲ.

ಅವರು ಹೋದ ಐದನೆಯ ತಿಂಗಳು, ಜನವರಿಯಲ್ಲಿ, ಕಾಪು ಹತ್ತಿರದ ಒಂದು ಅನುದಾನಿತ ಪ್ರೌಢಶಾಲೆಯ ಕೆಲಸ ಬಂತು. ಹಳೆವಿದ್ಯಾರ್ಥಿಗಳು ಸೇರಿ ಮೂರು ಕೊಠಡಿಗಳ ಒಂದು ಹೊಸ ಕಟ್ಟಡ ಕಟ್ಟಿಸುವವರಿದ್ದರು. ಅದಕ್ಕೊಂದು ವಿಶೇಷ ಕಾರಣವಿತ್ತು. ಅಲ್ಲಿಯ ಗಣಿತದ ಅಧ್ಯಾಪಕಿ ಸುನಂದಾ ಟೀಚರ್ ಎರಡು ವರ್ಷಗಳ ಹಿಂದೆ ಪಡುಬಿದ್ರಿಯ ಬಳಿ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದರು. ಅಂದಿನಿಂದ ಗಾಲಿಕುರ್ಚಿ. ಹಳೆಯ ಕಟ್ಟಡದ ತರಗತಿಗಳಿಗೆಲ್ಲ ಆರು ಮೆಟ್ಟಿಲು. ಹೊಸ ಕಟ್ಟಡಕ್ಕೆ ರ‍್ಯಾಂಪ್ ಇರಬೇಕು, ಜೂನಿನಲ್ಲಿ ಟೀಚರ್ ಮರಳಿ ಪಾಠಕ್ಕೆ ಬರಬೇಕು ಎಂಬುದು ಎಲ್ಲರ ಆಸೆಯಾಗಿತ್ತು.

ರಾವ್ ಸರ್ ಜಾಗ ನೋಡಿ ಬಂದು ರೂಪ ಬರೆದುಕೊಟ್ಟರು. ನಾನು ಎರಡೇ ದಿನಗಳಲ್ಲಿ ಹದಿನಾಲ್ಕು ಹಾಳೆ ಮುಗಿಸಿದೆ. ಜಾಗಕ್ಕೆ ಹೋಗಲಿಲ್ಲ, ಹೋಗಬೇಕೆಂದು ಅನ್ನಿಸಲೂ ಇಲ್ಲ. ಟೆಂಪ್ಲೇಟ್ ತೆರೆದೆ. ಅದರಲ್ಲಿ 'ಟಿಪ್ಪಣಿ' ಎಂಬ ಒಂದು ಲೇಯರ್ ಇತ್ತು. ಲೇಯರ್ ಎಂದರೆ ನಕ್ಷೆಯ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥದು, ಬೇಕೆಂದರೆ ಕಾಣಿಸಬಹುದು, ಬೇಡವೆಂದರೆ ಮರೆಮಾಡಬಹುದು. ಮುದ್ರಣದಲ್ಲಿ ಬಾರದ ಈ ಲೇಯರಿನಲ್ಲಿ ದೀಪಕ್ ತಮ್ಮ ನಂತರದವರಿಗಾಗಿ ಅಲ್ಲಲ್ಲಿ ಸೂಚನೆ ಬರೆದಿಟ್ಟಿದ್ದರು. ನಾನು ಪ್ರತಿ ಬಾರಿಯಂತೆ ಮೊದಲು ಅದನ್ನು ಆಫ್ ಮಾಡಿದೆ. ಹೊಸದಾಗಿ ಸೇರಿದ ಸಹೋದ್ಯೋಗಿ ಏಕೆಂದು ಕೇಳಿದಾಗ, ಪರದೆ ಸ್ವಚ್ಛವಾಗಿದ್ದರೆ ಕೆಲಸ ಬೇಗ ಆಗುತ್ತದೆ ಎಂದಿದ್ದೆ.

ಪ್ಲಿಂತ್, ಅಂದರೆ ಅಂಗಳದಿಂದ ಕಟ್ಟಡದ ನೆಲಕ್ಕಿರುವ ಎತ್ತರ, ಟೆಂಪ್ಲೇಟಿನಲ್ಲಿ 450 ಮಿಲಿಮೀಟರ್ ಎಂದಿತ್ತು. ಅದನ್ನೇ ಉಳಿಸಿಕೊಂಡೆ. ರ‍್ಯಾಂಪ್ ಹನ್ನೆರಡು ಪಟ್ಟು ಚಾಚಿ 5400 ಮಿಲಿಮೀಟರ್ ಆಯಿತು. ವರಾಂಡದ ಕೊನೆಯಿಂದ ಆವರಣಗೋಡೆಯ ಕಡೆಗೆ ಸರಿಯಾಗಿ ಹಿಡಿಸಿತು. ನೋಡಲು ಚೆಂದವಾಗಿಯೂ ಇತ್ತು.

ಮಾರ್ಚ್ ಕೊನೆಯಲ್ಲಿ ಶಾಲೆಯಿಂದ ಫೋನ್ ಬಂತು. ರ‍್ಯಾಂಪಿನ ಕಾಂಕ್ರೀಟ್ ಗಟ್ಟಿಯಾದ ಮೇಲೆ ಟೀಚರ್ ಒಂದು ಸಂಜೆ ಬಂದು ಹತ್ತಿ ನೋಡಿದ್ದರು. ಅರ್ಧದಲ್ಲಿ ಕೈ ಸೋತು ಕುರ್ಚಿ ಹಿಂದಕ್ಕೆ ಉರುಳಿತು. ಕೆಳಗಿದ್ದ ಮೇಸ್ತ್ರಿ ಹಿಡಿದದ್ದರಿಂದ ಏನೂ ಆಗಲಿಲ್ಲ. ರಾವ್ ಸರ್ ಫೋನ್ ಇಟ್ಟು ನನ್ನ ಮೇಜಿನ ಬಳಿ ಬಂದರು.

"ರ‍್ಯಾಂಪಿನ ಡ್ರಾಯಿಂಗ್ ಯಾರದ್ದು?"

"ನನ್ನದು ಸರ್."

"ಹಾಗಾದರೆ ನೀವೇ ಹೋಗಿ ಬನ್ನಿ."

ಅಷ್ಟು ಹೇಳಿ ತಮ್ಮ ಮೇಜಿಗೆ ಮರಳಿದರು. ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಮನೆ ಕಾರ್ಕಳದಲ್ಲಿ. ಮರುದಿನ ಬೆಳಿಗ್ಗೆ ಮಣಿಪಾಲದ ಬಸ್ಸಿನ ಬದಲು ಪಡುಬಿದ್ರಿಯ ಬಸ್ಸು ಹತ್ತಿದೆ. ನಂದಿಕೂರು ದಾಟುವವರೆಗೂ ತೊಡೆಯ ಮೇಲೆ ನಕ್ಷೆ ಬಿಚ್ಚಿಕೊಂಡು ತಪ್ಪು ಹುಡುಕುತ್ತಿದ್ದೆ. ಸಿಗಲಿಲ್ಲ. ವಿದ್ಯುತ್ ಸ್ಥಾವರದ ಚಿಮಣಿ ಕಿಟಕಿಯಲ್ಲಿ ಬಹಳ ಹೊತ್ತು ಉಳಿದು ಹಿಂದೆ ಸರಿಯಿತು. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪು ಕಡೆ ಹೋದೆ.

ಶಾಲೆಯ ಅಂಗಳದಲ್ಲಿ ಸಂಜೀವ ಮೇಸ್ತ್ರಿ ಕಾಯುತ್ತಿದ್ದರು. ಅರುವತ್ತರ ಹತ್ತಿರದ ವಯಸ್ಸು, ಮಡಚಿ ಕಟ್ಟಿದ ಲುಂಗಿ, ಕಿವಿಯ ಮೇಲೆ ಪೆನ್ಸಿಲ್. ನಾನು ಟೇಪ್ ಹಿಡಿದು ರ‍್ಯಾಂಪಿನ ಉದ್ದ ಅಳೆದೆ. 5400. ಒಂದು ಮಿಲಿಮೀಟರ್ ಆಚೀಚೆ ಇಲ್ಲ. ಆಮೇಲೆ ಪ್ಲಿಂತ್ ಅಳೆದೆ. 650.

"ಇದು 450 ಅಲ್ವಾ ಇರಬೇಕಾದ್ದು?" ಎಂದೆ.

"ಒಂದು ಕಲ್ಲು ಹೆಚ್ಚು ಇಟ್ಟಿದ್ದೇನೆ."

ಕೆಂಪುಕಲ್ಲಿನ ಒಂದು ಸಾಲು, ಗಾರೆ ಸೇರಿ, ಇನ್ನೂರು ಮಿಲಿಮೀಟರ್. ಯಾಕೆಂದು ಕೇಳಿದೆ. ಮೇಸ್ತ್ರಿ ನನ್ನನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ಆವರಣಗೋಡೆಯ ಮೇಲಿನ ಒಂದು ಕಂದು ಗುರುತು ತೋರಿಸಿದರು. ನನ್ನ ಮೊಣಕಾಲಿಗಿಂತ ಸ್ವಲ್ಪ ಕೆಳಗೆ, ಗೋಡೆಯುದ್ದಕ್ಕೂ ಎಳೆದಂತೆ ಇತ್ತು. ಹಿಂದಿನ ಮಳೆಗಾಲದ ನೀರು ನಿಂತ ಗುರುತು.

"ಕಡಲಬದಿಯಲ್ಲಿ ನಾವು ಯಾವತ್ತೂ ಒಂದು ಕಲ್ಲು ಹೆಚ್ಚೇ ಇಡುವುದು ಮೇಡಂ. ನನ್ನ ಅಪ್ಪನೂ ಹಾಗೇ ಇಡ್ತಿದ್ದರು. ನಿಮ್ಮ ಡ್ರಾಯಿಂಗಿನ ಪ್ರಕಾರ ಕಟ್ಟಿದ್ದರೆ ಜುಲೈಯಲ್ಲಿ ಮಕ್ಕಳಿಗೆ ಪುಸ್ತಕದ ಜೊತೆ ದೋಣಿ ಕೊಡಬೇಕಿತ್ತು."

"ಒಂದು ಮಾತು ಹೇಳಬಹುದಿತ್ತಲ್ಲ ಮೇಸ್ತ್ರಿ?"

"ಕೇಳಿದ್ದರೆ ಹೇಳ್ತಿದ್ದೆ. ಎಂತ ಕೇಳಿದ್ದೀರಿ ನೀವು? ಉದ್ದ ಬರೆದಿದ್ದೀರಿ, ಉದ್ದ ಕೊಟ್ಟಿದ್ದೇನೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರ ಕೆಲಸ ಸರಿಯಾಗಿತ್ತು. ಹೆಚ್ಚಿದ ಇನ್ನೂರು ಮಿಲಿಮೀಟರಿಗೆ ಉದ್ದ ಮಾತ್ರ ಹೆಚ್ಚಿರಲಿಲ್ಲ. ಹನ್ನೆರಡಕ್ಕೆ ಒಂದು ಇರಬೇಕಾದ ಏರು ಸುಮಾರು ಎಂಟಕ್ಕೆ ಒಂದಾಗಿತ್ತು. ಆರೋಗ್ಯವಂತರು ನಡೆದು ಹೋದರೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ನಾನು ಎರಡು ಬಾರಿ ಹತ್ತಿಳಿದೆ, ನನಗೂ ಗೊತ್ತಾಗಲಿಲ್ಲ.

ಮುಖ್ಯೋಪಾಧ್ಯಾಯರು ಒಂದು ಪರಿಹಾರ ಸೂಚಿಸಿದರು. ಹತ್ತನೆಯ ತರಗತಿಯ ಇಬ್ಬರು ಮಕ್ಕಳು ದಿನಾ ಕುರ್ಚಿ ದೂಡಿದರೆ ಆಯಿತಲ್ಲ, ಕಟ್ಟಿದ್ದನ್ನು ಯಾಕೆ ಒಡೆಯಬೇಕು ಎಂದರು. ಆದರೆ ಆ ಮಾತನ್ನು ಅವರು ಟೀಚರ್ ಮುಂದೆ ಆಡಿ ನೋಡಿದ್ದಾಗಿತ್ತು. ಉತ್ತರವೇನೆಂದು ನಾನೇ ಕೇಳಿ ಬರಲಿ ಎಂದು ಮನೆಯ ದಾರಿ ತೋರಿಸಿದರು.

ಟೀಚರ್ ಮನೆ ಶಾಲೆಯಿಂದ ಐದು ನಿಮಿಷದ ನಡಿಗೆ. ಅವರ ಅಕ್ಕ ಬಾಗಿಲು ತೆರೆದು ಬೆಲ್ಲ ನೀರು ತಂದಿಟ್ಟು ಒಳಗೆ ಹೋದರು. ನಾನು ನಕ್ಷೆ ಮಾಡಿದವಳು ಎಂದು ಪರಿಚಯ ಹೇಳಿಕೊಂಡೆ. ಕುರ್ಚಿಯ ಅಗಲ ಬೇಕಿತ್ತು, ಒಮ್ಮೆಗೆ ಎಷ್ಟು ದೂರ ತಳ್ಳಿಕೊಳ್ಳಬಲ್ಲಿರಿ ಎಂದೂ ತಿಳಿಯಬೇಕಿತ್ತು ಎಂದೆ.

"ಈಗ ಅಳತೆ ತೆಗೆಯಲು ಬಂದದ್ದಾ?" ಎಂದು ಟೀಚರ್ ಕೇಳಿದರು. "ಗೃಹಪಾಠ ಮೊದಲು ಮಾಡುವುದು, ಪರೀಕ್ಷೆ ಆಮೇಲೆ, ಮಾರಾಯ್ತಿ."

ನಾನು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಟೇಪಿನ ಒಂದು ತುದಿಯನ್ನು ತಾವೇ ಹಿಡಿದರು. ಕುರ್ಚಿ 650 ಅಗಲ. ಏರಿನಲ್ಲಿ ನಾಲ್ಕು ಮೀಟರಿಗೊಮ್ಮೆ ಸಮತಟ್ಟು ಸಿಕ್ಕಿದರೆ ತೋಳಿಗೆ ಸುಧಾರಿಸಿಕೊಳ್ಳಬಹುದು ಎಂದರು. ಬರೆದುಕೊಂಡೆ. ಆಗ ಶಾಲೆಯ ಗಂಟೆ ಕೇಳಿಸಿತು. ಅಷ್ಟು ಹತ್ತಿರದ ಮನೆ. ಟೀಚರ್ ಗೋಡೆಯ ಗಡಿಯಾರ ನೋಡಲಿಲ್ಲ.

"ಮೂರನೇ ಪೀರಿಯಡ್. ಎಂಟನೇ ಕ್ಲಾಸಿಗೆ ಗಣಿತ ಇರುವ ಹೊತ್ತು. ಎರಡು ವರ್ಷ ಆಯ್ತು, ಬೆಲ್ ಆದ ಕೂಡಲೇ ಈಗಲೂ ಬೆರಳು ಸೀಮೆಸುಣ್ಣ ಹುಡುಕ್ತದೆ."

ಅವರು ಟೇಪನ್ನು ಸುತ್ತಿ ನನ್ನ ಕೈಗೆ ಕೊಟ್ಟರು.

"ಮಕ್ಕಳು ದೂಡ್ತೇವೆ ಅಂತ ಹೇಳ್ತಾರಂತೆ. ಒಳ್ಳೆಯ ಮಕ್ಕಳು. ಆದರೆ ದೂಡಿಸಿಕೊಂಡು ಕ್ಲಾಸಿಗೆ ಹೋದರೆ, ಒಳಗೆ ಹೋದ ಮೇಲೆ ನಾನು ಟೀಚರ್ ಆಗಿರುವುದಿಲ್ಲ, ಪಾಪ ಆಗಿರ್ತೇನೆ. ಹಾಗಾದರೆ ನಾನು ಬರುವುದಿಲ್ಲ. ರಾಜೀನಾಮೆ ಬರೆದಿಟ್ಟಿದ್ದೇನೆ. ಜೂನಿನವರೆಗೆ ನೋಡ್ತೇನೆ."

ಮಣಿಪಾಲಕ್ಕೆ ಮರಳಿದ್ದು ಮಧ್ಯಾಹ್ನದ ಬಸ್ಸಿನಲ್ಲಿ. ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದರು. ಟೆಂಪ್ಲೇಟ್ ತೆರೆದು ಪ್ಲಿಂತಿನ 450 ನೋಡುತ್ತಾ ಕುಳಿತೆ. ಈ ಸಂಖ್ಯೆ ಎಲ್ಲಿಂದ ಬಂತು ಎಂದು ತಿಳಿಯಬೇಕಿತ್ತು. ತಿಳಿದವರು ಒಬ್ಬರೇ. ಏಳು ತಿಂಗಳಲ್ಲಿ ಹಬ್ಬವಿಲ್ಲದ ದಿನ ಅವರಿಗೆ ಮೆಸೇಜ್ ಮಾಡಿದ್ದು ಅದೇ ಮೊದಲು. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆ. ಕಳುಹಿಸುವ ಮೊದಲು ಎರಡು ಸಾಲು ಅಳಿಸಿದೆ.

ಉತ್ತರ ಬೇಗನೆ ಬಂತು. "ಅದು ಮಣಿಪಾಲದ ಗುಡ್ಡಕ್ಕೆ ಇಟ್ಟ ಮಟ್ಟ. ಪಕ್ಕದಲ್ಲೇ ಬರೆದಿದ್ದೇನೆ. ಟಿಪ್ಪಣಿ ಲೇಯರ್ ಆನ್ ಉಂಟಲ್ಲ?"

"ಇಲ್ಲ" ಎಂದು ಬರೆದೆ. ಅವರು ಏಕೆಂದು ಕೇಳಲಿಲ್ಲ.

ಕೇಳಿದ್ದರೆ ಪರದೆಯ ಸ್ವಚ್ಛತೆಯ ಕಾರಣವನ್ನೇ ಕೊಡುತ್ತಿದ್ದೆನೋ ಏನೋ. ಅದು ನಿಜವಲ್ಲ. ಅವರು ಹೋದ ಮರುವಾರ ಒಂದು ನಕ್ಷೆ ಆರಂಭಿಸಲು ಟೆಂಪ್ಲೇಟ್ ತೆರೆದಾಗ ಆ ಸೂಚನೆಗಳ ವಾಕ್ಯಗಳು ಅವರ ದನಿಯಲ್ಲೇ ಕೇಳಿಸಿದವು. ಆ ದಿನ ಕೆಲಸ ಸಾಗಲಿಲ್ಲ. ಮರುದಿನ ಲೇಯರ್ ಆಫ್ ಮಾಡಿದೆ, ಕೆಲಸ ಸಾಗಿತು. ಅಂದಿನಿಂದ ಹಾಗೆಯೇ ರೂಢಿಯಾಯಿತು.

ಈಗ ಆನ್ ಮಾಡಿದೆ. ಪರದೆಯ ತುಂಬ ಸಣ್ಣ ಹಸಿರು ಅಕ್ಷರಗಳು ಮೂಡಿದವು. ಪ್ಲಿಂತಿನ ಪಕ್ಕದಲ್ಲಿ ಹೀಗಿತ್ತು: "ಜಾಗ ನೋಡದೆ ಈ ಸಂಖ್ಯೆ ನಂಬಬೇಡಿ. ಕರಾವಳಿಯ ಬಯಲಿನಲ್ಲಿ ಮೇಸ್ತ್ರಿಗಳು ಒಂದು ಕಲ್ಲು ಏರಿಸುತ್ತಾರೆ. ಕೇಳಿ ತಿಳಿದುಕೊಳ್ಳಿ." ನಾನು ಇದಕ್ಕಷ್ಟೇ ನಿಲ್ಲದೆ ಎಲ್ಲ ಟಿಪ್ಪಣಿಗಳನ್ನೂ ಓದಿದೆ. ಮೂವತ್ತೊಂದು ಇದ್ದವು. ಮೆಟ್ಟಿಲ ಬಗ್ಗೆ, ಚರಂಡಿಯ ಇಳಿಜಾರಿನ ಬಗ್ಗೆ, ಅಡುಗೆಮನೆಯ ಕಿಟಕಿ ಪಶ್ಚಿಮಕ್ಕಿದ್ದರೆ ಮಳೆಗೆ ಅದರ ಮೇಲೆ ಎಷ್ಟು ಚಾಚಿದ ಸಜ್ಜಾ ಬೇಕೆಂಬ ಬಗ್ಗೆ. ಯಾರು ಓದಿದರೂ ಉಪಯೋಗವಾಗುವಂತೆ, ಅಚ್ಚುಕಟ್ಟಾಗಿ ಬರೆದದ್ದು. ನನಗೆಂದೇ ಬರೆದದ್ದು ಒಂದೂ ಇರಲಿಲ್ಲ. ಇರಬಹುದೆಂದು ನಿರೀಕ್ಷಿಸಿದ್ದೆ ಎಂಬುದು ಕೊನೆಯದನ್ನು ಓದಿ ಮುಗಿಸಿದ ಮೇಲೆಯೇ ನನಗೆ ತಿಳಿದದ್ದು.

ಊಟ ಮುಗಿಸಿ ಬಂದ ರಾವ್ ಸರ್ ಅವರಿಗೆ ನಡೆದದ್ದನ್ನು ಹೇಳಿದೆ. ಲೇಯರ್ ಆಫ್ ಮಾಡಿದ್ದನ್ನೂ ಹೇಳಿದೆ, ಕಾರಣ ಹೇಳಲಿಲ್ಲ. ಅವರು ರ‍್ಯಾಂಪ್ ಸರಿಪಡಿಸಲು ಜಾಗ ಎಷ್ಟಿದೆ ಎಂದು ಮಾತ್ರ ಕೇಳಿದರು.

ಜಾಗವೇ ಸಮಸ್ಯೆಯಾಗಿತ್ತು. 650 ಎತ್ತರಕ್ಕೆ ಹನ್ನೆರಡು ಪಟ್ಟು ಎಂದರೆ 7800. ಕಟ್ಟಿದ ರ‍್ಯಾಂಪಿನಿಂದ ಆವರಣಗೋಡೆಗೆ ಉಳಿದದ್ದು 1400 ಮಾತ್ರ. ನೇರವಾಗಿ ಉದ್ದ ಮಾಡಲು ಸಾಧ್ಯವಿರಲಿಲ್ಲ. ಬ್ಲಾಕ್ ಬಿಟ್ಟು, ಟೀಚರ್ ಕೊಟ್ಟ ಅಳತೆಯಿಂದ ಆರಂಭಿಸಿದೆ. ನಾಲ್ಕು ಮೀಟರಿಗೊಮ್ಮೆ ವಿಶ್ರಾಂತಿ. 7800ನ್ನು ಎರಡು ಭಾಗ ಮಾಡಿದರೆ 3900. ನಡುವೆ ಕುರ್ಚಿ ತಿರುಗಲು 1500ರ ಸಮತಟ್ಟು. 3900ಕ್ಕೆ 1500 ಸೇರಿಸಿದಾಗ ಬಂದದ್ದು 5400. ಕ್ಯಾಲ್ಕ್ಯುಲೇಟರಿನಲ್ಲಿ ಇನ್ನೊಮ್ಮೆ ಕೂಡಿದೆ. ಸರಿಯಾಗಿ ಈಗಿರುವಷ್ಟೇ ಉದ್ದ. ರ‍್ಯಾಂಪ್ ನೇರ ಹೋಗುವ ಬದಲು ಅರ್ಧ ಏರಿ, ತಿರುಗಿ, ಮರಳಿ ವರಾಂಡಕ್ಕೆ ಬರಬೇಕು. ಅಗಲ ಎರಡರಷ್ಟಾಗುತ್ತದೆ. ವರಾಂಡದ ಮೂಲೆಯ ಆಚೆಗೆ ಅಷ್ಟು ಜಾಗವಿತ್ತು. ಆದರೆ ಅಲ್ಲಿ ಮಕ್ಕಳು ಊಟದ ತಟ್ಟೆ ತೊಳೆಯುವ ನಳ್ಳಿಕಟ್ಟೆಯಿತ್ತು.

ಈ ಬಾರಿ ನಕ್ಷೆ ಅಂತಿಮಗೊಳಿಸುವ ಮೊದಲು ಕರಡು ಹಾಳೆ ಹಿಡಿದು ಮೇಸ್ತ್ರಿಗೆ ತೋರಿಸಲು ಹೋದೆ. ಅವರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಳ್ಳಿಕಟ್ಟೆಯನ್ನು ಬಾವಿಯ ಬದಿಗೆ ಸರಿಸಿದರೆ ನೀರು ಹರಿಯಲು ಇನ್ನೂ ಅನುಕೂಲ ಎಂದು ಗುರುತು ಹಾಕಿದರು. ಮೇಲ್ಮೈ ನಯವಾಗಿ ಇರಬಾರದು, ಮಳೆಯಲ್ಲಿ ಗಾಲಿ ಜಾರುತ್ತದೆ, ಹಿಡಿಸೂಡಿಯಿಂದ, ಅಂದರೆ ಕಡ್ಡಿಪೊರಕೆಯಿಂದ, ಗೀರು ಹಾಕುತ್ತೇನೆ ಎಂದೂ ಸೇರಿಸಿದರು. ಅದು ನನ್ನ ನಕ್ಷೆಯಲ್ಲಿರಲಿಲ್ಲ. ಅಲ್ಲೇ ನಿಂತು ಬರೆದುಕೊಂಡೆ.

"ಇನ್ನು ಎಂತಾದರೂ ಹೆಚ್ಚು ಕಡಿಮೆ ಮಾಡುವುದುಂಟಾ ಮೇಸ್ತ್ರಿ?" ಎಂದು ಕೇಳಿದೆ.

"ಈಗ ಕೇಳಲು ಕಲಿತಿರಿ" ಎಂದರು.

ಟೆಂಪ್ಲೇಟನ್ನೂ ಆ ವಾರವೇ ತಿದ್ದಿದೆ. ಪ್ಲಿಂತಿಗೆ ಸಿದ್ಧ ಸಂಖ್ಯೆ ತೆಗೆದುಹಾಕಿ, ತುಂಬಿಸದೆ ಮುಂದೆ ಹೋಗಲಾಗದಂತೆ ಖಾಲಿ ಬಿಟ್ಟೆ. ಟಿಪ್ಪಣಿ ಲೇಯರಿನಲ್ಲಿ ಮೂವತ್ತೆರಡನೆಯದಾಗಿ ಮೇಸ್ತ್ರಿ ಹೇಳಿದ ಹಿಡಿಸೂಡಿಯ ಗೀರನ್ನು ಸೇರಿಸಿದೆ. ಉಳಿಸುವ ಮೊದಲು ಕಡತದ ವಿವರ ತೆರೆದು ನೋಡಿದೆ. ಕೊನೆಯದಾಗಿ ಉಳಿಸಿದವರು ಯಾರೆಂಬಲ್ಲಿ ಇನ್ನೂ ದೀಪಕ್ ಹೆಸರಿತ್ತು. ಅಷ್ಟು ದಿನ ಆ ಕಡತವನ್ನು ಯಾರೂ ತಿದ್ದಿರಲಿಲ್ಲ. ಉಳಿಸಿದ ಮೇಲೆ ಅಲ್ಲಿ ನನ್ನ ಹೆಸರು ಬಂತು. ಹೊಸ ರ‍್ಯಾಂಪಿನ ಹಾಳೆಯನ್ನು ಅವರಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಬಂತು. ನಾನು ಇನ್ನೂ ಸ್ವಲ್ಪ ಕಾದೆ. ಬೇರೇನೂ ಬರಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯಿತು. ಎರಡನೆಯ ವಾರದ ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರು ನನ್ನನ್ನೂ ಕರೆದಿದ್ದರು. ಹಿಂದಿನ ದಿನ ಮಳೆ ಬಂದು ಅಂಗಳದಲ್ಲಿ ನೀರು ನಿಂತಿತ್ತು, ಗಾಲಿ ಬರುವ ದಾರಿಗೆ ಮೇಸ್ತ್ರಿ ಜಲ್ಲಿ ಹಾಸಿ ಸಮತಟ್ಟು ಮಾಡಿದ್ದರು. ಟೀಚರ್ ನೀಲಿ ಸೀರೆ ಉಟ್ಟು, ಮಡಿಲಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ರ‍್ಯಾಂಪಿನ ಬುಡಕ್ಕೆ ಬಂದರು. ಅಲ್ಲಿದ್ದವರು ಮೂವರು: ಮುಖ್ಯೋಪಾಧ್ಯಾಯರು, ಮೇಸ್ತ್ರಿ, ನಾನು.

"ನೀವೆಲ್ಲ ಆಚೆ ತಿರುಗಿ" ಎಂದರು ಟೀಚರ್.

"ನನ್ನ ಕೆಲಸ ನಾನು ನೋಡಬಾರದಾ ಟೀಚರೇ?" ಮೇಸ್ತ್ರಿ ಕೇಳಿದರು.

"ನೋಡಿ, ನಾನು ಒಳಗೆ ಹೋದ ಮೇಲೆ. ಬೀಳುವುದಿದ್ದರೆ ನಾನೇ ಕರೀತೇನೆ."

ನಾವು ತಿರುಗಿ ನಿಂತೆವು. ನನ್ನ ಮುಂದೆ ಹೊಸ ನಳ್ಳಿಕಟ್ಟೆ ಇತ್ತು. ಹಿಂದೆ ಗೀರು ಹಾಕಿದ ಕಾಂಕ್ರೀಟಿನ ಮೇಲೆ ರಬ್ಬರ್ ಗಾಲಿಯ ಸದ್ದು ಆರಂಭವಾಯಿತು. ಒಂದು ತಳ್ಳು, ಒಂದು ಉಸಿರು, ಮತ್ತೊಂದು ತಳ್ಳು. ಆಮೇಲೆ ಸದ್ದು ನಿಂತಿತು. ತಿರುವಿನ ಸಮತಟ್ಟು ಇರಬೇಕೆಂದು ಲೆಕ್ಕ ಹಾಕಿದೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮುಖ್ಯೋಪಾಧ್ಯಾಯರು ಕತ್ತು ಹೊರಳಿಸುವವರಿದ್ದರು, ಮೇಸ್ತ್ರಿ ಅವರ ತೋಳು ಹಿಡಿದರು. ನನಗೂ ತಿರುಗಿ ನೋಡಬೇಕೆನಿಸಿತು. ಅಷ್ಟು ತೀವ್ರವಾಗಿ ಏನನ್ನಾದರೂ ನೋಡಬೇಕೆಂದು ನನಗೆ ಅನ್ನಿಸಿದ್ದು ಕಡಿಮೆ. ಆಮೇಲೆ ಗಾಲಿ ಮತ್ತೆ ಚಲಿಸಿತು, ಈ ಬಾರಿ ನಮ್ಮ ಕಡೆಗೆ, ನಮಗಿಂತ ಎತ್ತರದಲ್ಲಿ. ಮೂಲೆಯ ತರಗತಿಯಲ್ಲಿ ಬೆಂಚುಗಳು ಒಟ್ಟಿಗೆ ಸರಿದ ಸದ್ದಾಯಿತು. ಮಕ್ಕಳು ಎದ್ದು ನಿಂತಿದ್ದರು.

ಈಗಲೂ ಎರಡು ದಿನಗಳಲ್ಲಿ ಹದಿನಾಲ್ಕು ಹಾಳೆ ಮುಗಿಸುತ್ತೇನೆ, ವೇಗ ಕಡಿಮೆಯಾಗಿಲ್ಲ. ಆದರೆ ಮೊದಲು ಜಾಗಕ್ಕೆ ಹೋಗುತ್ತೇನೆ, ಗೋಡೆಗಳ ಮೇಲೆ ನೀರಿನ ಗುರುತು ಹುಡುಕುತ್ತೇನೆ, ಕಟ್ಟುವವರನ್ನೂ ಅಲ್ಲಿ ಇರುವವರನ್ನೂ ಕೇಳುತ್ತೇನೆ. ಟಿಪ್ಪಣಿ ಲೇಯರ್ ಆನ್ ಇರುತ್ತದೆ, ಓದುವಾಗ ಏನನ್ನಿಸಿದರೂ. ನಾನು ಬರೆದ ಮನೆಗಳಲ್ಲಿ, ಶಾಲೆಗಳಲ್ಲಿ ಜನ ಹೇಗೆ ಓಡಾಡುತ್ತಾರೆಂದು ನಾನು ನೋಡಿದ್ದು ಬಹಳ ಕಡಿಮೆ. ಸುನಂದಾ ಟೀಚರ್ ತರಗತಿಯ ಒಳಗೆ ಹೋದದ್ದನ್ನೂ ನೋಡಿಲ್ಲ. ಈ ಕೆಲಸದಲ್ಲಿ ನಮ್ಮ ಪಾಲಿಗಿರುವುದು ಮಟ್ಟವನ್ನು ಸರಿಯಾಗಿ ಬರೆಯುವುದು, ಆಮೇಲೆ ಬೆನ್ನು ತಿರುಗಿಸಿ ನಿಲ್ಲುವುದು.